ಎಂ. ಜಿ. ಗಾಡಿಯ ಮರುಹುಟ್ಟು: ಅಭಿಮಾನಿಗಳ ಆಕ್ಷೇಪಣೆಯೂ ಭೌತಶಾಸ್ತ್ರದ ಉತ್ತರವೂ

2023ರ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ಗುಡ್‌ವುಡ್ ಎಂಬಲ್ಲಿ ನಡೆದ ವಾರ್ಷಿಕ ವೇಗೋತ್ಸವಕ್ಕೆ ಹೊಸದೊಂದು ಮೋಟಾರು ಗಾಡಿಯನ್ನು ತಂದು ನಿಲ್ಲಿಸಿದರು. ಎರಡೇ ಆಸನಗಳು, ಮಡಿಚಿಡಬಹುದಾದ ಮೇಲುಹೊದಿಕೆ, ಹಕ್ಕಿಯ ರೆಕ್ಕೆಯಂತೆ ಮೇಲಕ್ಕೇಳುವ ಬಾಗಿಲುಗಳು. ಮುಂಭಾಗದಲ್ಲಿ ಅಷ್ಟಕೋನದ ಚೌಕಟ್ಟಿನೊಳಗೆ ‘ಎಂ. ಜಿ.’ ಎಂಬ ಎರಡು ಅಕ್ಷರಗಳು. ಸೈಬರ್‌ಸ್ಟರ್ ಎಂದು ಹೆಸರುಳ್ಳ ಈ ಗಾಡಿಯಲ್ಲಿ ಪೆಟ್ರೋಲ್ ಯಂತ್ರವಿಲ್ಲ. ಅದು ಪೂರ್ಣವಾಗಿ ವಿದ್ಯುತ್ತಿನಿಂದ ಓಡತಕ್ಕದ್ದು. ಎಂ. ಜಿ.ಯ ಹಳೆಯ ಅಭಿಮಾನಿಗಳಲ್ಲಿ ಕೆಲವರು ಅದರ ಚೆಲುವಿಗೆ ಮಾರುಹೋದರು. ಇನ್ನು ಕೆಲವರು ತೂಕದ ಅಂಕಿಯನ್ನು ಓದಿದೊಡನೆ ತಲೆಯಲ್ಲಾಡಿಸಿದರು. “ಇದು ವೇಗದ ಗಾಡಿಯೇನೋ ಹೌದು, ಆದರೆ ಎಂ. ಜಿ. ಅಲ್ಲ” ಎಂಬುದು ಅವರ ಆಕ್ಷೇಪಣೆಯ ಸಾರ.

ಇಂಥ ಮಾತನ್ನು ಮುದುಕರ ಹಳಹಳಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಅಳೆದು ನೋಡಬಹುದಾದ ಅಂಶವೇನಾದರೂ ಉಂಟೆ? ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವೇ ಈ ಪರೀಕ್ಷೆಗೆ ಸಾಕು.

ಮೊದಲು ಗಾಡಿಯ ಪೂರ್ವೋತ್ತರವನ್ನು ಕೊಂಚ ತಿಳಿಯೋಣ. ಎಂ. ಜಿ. ಎಂದರೆ ಮಾರಿಸ್ ಗ್ಯಾರೇಜಸ್. ವಿಲಿಯಂ ಮಾರಿಸ್ ಎಂಬಾತನು ಆಕ್ಸ್‌ಫರ್ಡಿನಲ್ಲಿ ನಡೆಸುತ್ತಿದ್ದ ಅಂಗಡಿಯ ಹೆಸರು. ಅಲ್ಲಿ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಗಾಡಿಗಳಿಗೆ ಹಗುರವಾದ, ಚುರುಕಾದ ಒಡಲನ್ನು ತೊಡಿಸಿ ಮಾರತೊಡಗಿದನು. 1929ರಲ್ಲಿ ಕಾರ್ಖಾನೆ ಸಮೀಪದ ಆಬಿಂಗ್ಡನ್ ಪಟ್ಟಣಕ್ಕೆ ಹೋಯಿತು. ಅಲ್ಲಿಂದ ಹೊರಬಂದ ಗಾಡಿಗಳಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ. ಜಿ. ಬಿ. ಎಂಬುದು ಅತ್ಯಂತ ಜನಪ್ರಿಯ; ಐದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅದರ ಬೆಲೆ ಉಪಾಧ್ಯಾಯನೊಬ್ಬನು ಕಷ್ಟಪಟ್ಟು ಕೂಡಿಟ್ಟರೆ ಕೈಗೆಟುಕುವಂಥದು. 1979ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಹೊರಬಿದ್ದಾಗ ಅಭಿಮಾನಿಗಳು ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಗಾಡಿಯೊಂದಕ್ಕಾಗಿ ಮೆರವಣಿಗೆ! ಅದು ಫಲಿಸಲಿಲ್ಲ; ಮರುವರ್ಷ ಕಾರ್ಖಾನೆ ಮುಚ್ಚಿತು. ಮುಂದೆ 1995ರಲ್ಲಿ ಎಂ. ಜಿ. ಎಫ್. ಎಂಬ ಪುಟ್ಟ ಗಾಡಿ ಬಂದಿತು. 2005ರಲ್ಲಿ ಒಡೆತನದ ಸಂಸ್ಥೆಯೇ ದಿವಾಳಿಯಾಗಿ, ಹೆಸರು ಚೀನಾ ದೇಶದವರ ಕೈಸೇರಿತು. ಕೊನೆಯ ತೆರೆದ ಎಂ. ಜಿ. ತಯಾರಾದುದು 2011ರಲ್ಲಿ. ಹೀಗೆ ಹನ್ನೆರಡು ವರ್ಷಗಳ ಬಿಡುವಿನ ಅನಂತರ ಸೈಬರ್‌ಸ್ಟರ್ ಬಂದಿದೆ. ಅದು ತಯಾರಾಗುವುದು ಚೀನಾದಲ್ಲಿ. 2025ರ ಜುಲೈಯಿಂದ ನಮ್ಮ ದೇಶದಲ್ಲಿಯೂ ಅದರ ಮಾರಾಟ ಆರಂಭವಾಗಿದೆ.

ಈಗ ಅಂಕಿಗಳಿಗೆ ಬರೋಣ. ಮೊದಲ ಎಂ. ಜಿ. ಬಿ.ಯ ತೂಕ ಸುಮಾರು 920 ಕಿಲೋಗ್ರಾಂ. ಯಂತ್ರದ ಬಲ 95 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗವನ್ನು ಮುಟ್ಟಲು ಅದಕ್ಕೆ ಹನ್ನೆರಡು ಸೆಕೆಂಡುಗಳಷ್ಟು ಹಿಡಿಯುತ್ತಿತ್ತು. ಎರಡು ಮೋಟಾರುಗಳುಳ್ಳ ಸೈಬರ್‌ಸ್ಟರಿನ ತೂಕ 1,985 ಕಿಲೋಗ್ರಾಂ. ಬಲ 375 ಕಿಲೋವಾಟ್, ಎಂದರೆ 500 ಅಶ್ವಶಕ್ತಿಗೂ ಮಿಗಿಲು. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಅದು 3.2 ಸೆಕೆಂಡುಗಳಲ್ಲಿ ಮುಟ್ಟುವುದೆಂದು ತಯಾರಕರ ಹೇಳಿಕೆ. ಮೊಮ್ಮಗನು ಅಜ್ಜನ ಎರಡರಷ್ಟು ತೂಗುತ್ತಾನೆ, ಆದರೆ ಓಟದಲ್ಲಿ ಅಜ್ಜನನ್ನು ಕಣ್ಮರೆಯಾಗುವಷ್ಟು ಹಿಂದೆ ಬಿಡುತ್ತಾನೆ.

ಈ 3.2 ಸೆಕೆಂಡು ಎಂಬುದರಲ್ಲಿ ಒಂದು ಸ್ವಾರಸ್ಯವಿದೆ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಇದನ್ನು 3.2ರಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ 8.7 ಬರುತ್ತದೆ, ಮೇಲಿನಿಂದ ಬೀಳುವ ಕಲ್ಲಿನ ವೇಗೋತ್ಕರ್ಷವಾದ 9.8ರ ಹತ್ತರಲ್ಲಿ ಸುಮಾರು ಒಂಬತ್ತು ಪಾಲು. ಗಾಡಿಯನ್ನು ಮುಂದಕ್ಕೆ ನೂಕುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಣ ರಸ್ತೆಯ ಮೇಲೆ ರಬ್ಬರಿನ ಘರ್ಷಣಾಂಕ ಹೆಚ್ಚುಕಡಮೆ ಒಂದು. ಆದ್ದರಿಂದ ನಾಲ್ಕು ಚಕ್ರಗಳಿಂದಲೂ ನೂಕಿಸಿಕೊಂಡ ಗಾಡಿಯು ಸಾಧಾರಣವಾಗಿ ಬೀಳುವ ಕಲ್ಲಿಗಿಂತ ಬೇಗನೆ ವೇಗವನ್ನು ಗಳಿಸಲಾರದು. ಸೈಬರ್‌ಸ್ಟರ್ ಈ ಎಲ್ಲೆಯನ್ನು ಬಹುಮಟ್ಟಿಗೆ ಮುಟ್ಟಿದೆ. ಇನ್ನು ನೂರು ಅಶ್ವಶಕ್ತಿ ಸೇರಿಸಿದರೂ ಆರಂಭದ ಜಿಗಿತದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ವೇಗದ ವಿಷಯದಲ್ಲಿ ಅಭಿಮಾನಿಗಳು ದೂರುವುದಕ್ಕೆ ಏನೂ ಉಳಿದಿಲ್ಲ. ಅವರು ದೂರುತ್ತಲೂ ಇಲ್ಲ.

ಅವರ ದೂರು ತಿರುವುಗಳ ಮೇಲೆ. “ಇಷ್ಟು ಭಾರದ ಗಾಡಿ ತಿರುವಿನಲ್ಲಿ ಜಾರದೆ ಇರುವುದೆ?” ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಅವರಿಗೆ ಪ್ರತಿಕೂಲವಾಗಿಯೇ ಬರುವುದು. ವೃತ್ತಮಾರ್ಗದಲ್ಲಿ ಸಾಗುವ ಗಾಡಿಗೆ ಬೇಕಾದ ಕೇಂದ್ರಾಭಿಮುಖ ಬಲವು ದ್ರವ್ಯರಾಶಿಗೆ ಅನುಪಾತದಲ್ಲಿರುತ್ತದೆ. ಅದನ್ನು ಒದಗಿಸುವ ಘರ್ಷಣೆಯೂ ತೂಕಕ್ಕೆ, ಆದುದರಿಂದ ದ್ರವ್ಯರಾಶಿಗೆ, ಅನುಪಾತದಲ್ಲಿರುತ್ತದೆ. ಸಮೀಕರಣದ ಎರಡು ಕಡೆಯಿಂದಲೂ ದ್ರವ್ಯರಾಶಿ ಹಾರಿಹೋಗುತ್ತದೆ. ತಿರುವಿನ ತ್ರಿಜ್ಯ 50 ಮೀಟರ್, ಘರ್ಷಣಾಂಕ 0.9 ಎಂದಿಟ್ಟುಕೊಂಡರೆ ಜಾರದೆ ಸಾಗಬಹುದಾದ ಪರಮವೇಗ ಸೆಕೆಂಡಿಗೆ 21 ಮೀಟರ್, ಎಂದರೆ ಗಂಟೆಗೆ 75 ಕಿಲೋಮೀಟರಿಗೆ ಕೊಂಚ ಹೆಚ್ಚು. ಗಾಡಿ ಹಗುರವಾಗಿರಲಿ, ಭಾರವಾಗಿರಲಿ. ಹಳೆಯ ಕಾಲದ ಕಿರಿದಾದ ಟೈರಿಗೆ ಘರ್ಷಣಾಂಕ 0.7 ಎಂದು ಹಿಡಿದರೆ ಅದೇ ವೇಗ ಗಂಟೆಗೆ 67 ಕಿಲೋಮೀಟರಿಗೆ ಇಳಿಯುತ್ತದೆ. ಹೀಗಾಗಿ ಹೊಸ ಗಾಡಿಯು ತಿರುವನ್ನು ಹೆಚ್ಚು ವೇಗದಲ್ಲಿಯೇ ದಾಟುವುದು.

ಹಾಗಾದರೆ ದೂರು ಬರಿಯ ಭ್ರಮೆಯೆ? ಅಲ್ಲ. ಪಠ್ಯಪುಸ್ತಕದ ಸಮೀಕರಣದಿಂದ ದ್ರವ್ಯರಾಶಿ ಹಾರಿಹೋದರೂ ನಿಜವಾದ ಗಾಡಿಯಿಂದ ಅಷ್ಟು ಸುಲಭವಾಗಿ ಹಾರಿಹೋಗುವುದಿಲ್ಲ. ಮೊದಲನೆಯದಾಗಿ, ರಬ್ಬರು ಘರ್ಷಣೆಯ ಸರಳ ನಿಯಮವನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಟೈರಿನ ಮೇಲಣ ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಭಾರವಾದ ಗಾಡಿಗೆ ಅಗಲವಾದ ಟೈರುಗಳನ್ನು ತೊಡಿಸುವುದು ಈ ಕಾರಣದಿಂದ. ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳಿಗೆ ವರ್ಗವಾಗುವುದಷ್ಟೆ. ಈ ವರ್ಗಾವಣೆ ಗುರುತ್ವ ಕೇಂದ್ರದ ಎತ್ತರಕ್ಕೆ ಅನುಪಾತವಾಗಿರುವುದರಿಂದ, ಗಾಡಿ ಎತ್ತರವಾದಷ್ಟೂ ನಷ್ಟ.

ಇಲ್ಲಿ ಹಳೆಯ ಕಥೆಯೊಂದನ್ನು ನೆನೆಯುವುದು ಉಚಿತ. 1974ರಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಎಂ. ಜಿ. ಬಿ.ಗೆ ಕಪ್ಪು ರಬ್ಬರಿನ ಬಂಪರುಗಳನ್ನು ಕಟ್ಟಿ, ಗಾಡಿಯನ್ನೇ ಅಂಗುಲದಷ್ಟು ಮೇಲಕ್ಕೆತ್ತಿದರು. ಅಭಿಮಾನಿಗಳು ಆಗಲೂ ಗೋಳಿಟ್ಟರು. ಗಾಡಿ ತಿರುವಿನಲ್ಲಿ ಓಲಾಡುತ್ತದೆಂಬ ಅವರ ದೂರು ಸರಿಯಾಗಿಯೇ ಇತ್ತು; ಕೆಲವು ವರ್ಷಗಳೊಳಗೆ ತಯಾರಕರು ಓಲಾಟವನ್ನು ತಡೆಯುವ ಸಲಾಕೆಗಳನ್ನು ಬಲಪಡಿಸಬೇಕಾಯಿತು. ಎಷ್ಟೋ ಮಂದಿ ಒಡೆಯರು ಇಂದಿಗೂ ಆ ಬಂಪರುಗಳನ್ನು ಕಿತ್ತು ಹಳೆಯ ಮಾದರಿಯವನ್ನು ಹಾಕಿಸಿಕೊಳ್ಳುತ್ತಾರೆ. ಸೈಬರ್‌ಸ್ಟರಿನ ಬ್ಯಾಟರಿ ನೆಲದ ಹಲಗೆಯಲ್ಲಿ ಹುದುಗಿರುವುದರಿಂದ ಅದರ ಗುರುತ್ವ ಕೇಂದ್ರ ಕೆಳಗಿದೆ. ಈ ಒಂದು ವಿಷಯದಲ್ಲಿ ಬ್ಯಾಟರಿ ಉಪಕಾರಿಯೇ. ಆದರೆ ಬ್ಯಾಟರಿಯ ಮೇಲೆ ಕುಳಿತ ಚಾಲಕನು ಹಿಂದಿನವನಿಗಿಂತ ಎತ್ತರದಲ್ಲಿ ಕುಳಿತಿರುತ್ತಾನೆ. ನೆಲಕ್ಕೆ ಅಂಟಿಕೊಂಡು ಹೋಗುವ ಹಳೆಯ ಅನುಭವ ಇದರಲ್ಲಿಲ್ಲವೆಂದು ಓಡಿಸಿದವರು ಹೇಳುವುದುಂಟು.

ನಮಗೆ ಮುಖ್ಯವೆಂದು ತೋರುವುದು ಇನ್ನೊಂದು ಕಾರಣ. ವಿದ್ಯಾರ್ಥಿಗಳು ಒಂದು ಮೀಟರು ಕೋಲನ್ನೂ ಸಮತೂಕದ ಎರಡು ಕಲ್ಲುಗಳನ್ನೂ ತೆಗೆದುಕೊಳ್ಳಲಿ. ಕೋಲಿನ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಎರಡು ಕಡೆಯೂ ಒಂದೊಂದು ಕಲ್ಲನ್ನು ಕಟ್ಟಿ, ನಡುವನ್ನು ಮುಷ್ಟಿಯಲ್ಲಿ ಹಿಡಿದು, ಎಡಕ್ಕೂ ಬಲಕ್ಕೂ ಬೇಗ ಬೇಗನೆ ತಿರುಗಿಸಿ ನೋಡಲಿ. ಅನಂತರ ಕಲ್ಲುಗಳನ್ನು 40 ಸೆಂಟಿಮೀಟರ್ ದೂರಕ್ಕೆ ಸರಿಸಿ ಹಾಗೆಯೇ ಮಾಡಲಿ. ತೂಕ ಒಂದು ಗುಲಗಂಜಿಯಷ್ಟೂ ಬದಲಾಗಿಲ್ಲ. ಆದರೆ ಈಗ ಮಣಿಕಟ್ಟು ನೋಯತೊಡಗುವುದು. ತಿರುಗುವುದಕ್ಕೆ ವಸ್ತುವು ಒಡ್ಡುವ ಈ ವಿರೋಧಕ್ಕೆ ಭ್ರಮಣ ಜಡತ್ವವೆಂದು ಹೆಸರು. ಅದು ದ್ರವ್ಯರಾಶಿಗೂ, ದೂರದ ವರ್ಗಕ್ಕೂ ಅನುಪಾತವಾಗಿರುವುದರಿಂದ ದೂರ ನಾಲ್ಕು ಪಾಲಾದಾಗ ಕಲ್ಲುಗಳ ವಿರೋಧ ಹದಿನಾರು ಪಾಲಾಯಿತು.

ಗಾಡಿಯ ಸ್ಥಿತಿಯೂ ಇದೇ. ಚಾಲಕನು ಚುಕ್ಕಾಣಿ ಚಕ್ರವನ್ನು ತಿರುಗಿಸಿದಾಗ ಗಾಡಿಯ ಮೂತಿ ಹೊಸ ದಿಕ್ಕಿಗೆ ಹೊರಳಬೇಕು. ಎಂ. ಜಿ. ಬಿ.ಯ ಉದ್ದ 3.9 ಮೀಟರ್, ಸೈಬರ್‌ಸ್ಟರಿನದು 4.5 ಮೀಟರಿಗೂ ಮಿಗಿಲು. ಭಾರದ ಹಂಚಿಕೆ ಎರಡರಲ್ಲಿಯೂ ಒಂದೇ ತೆರನೆಂದು ಭಾವಿಸಿದರೆ, ಹೊಸದರ ಭ್ರಮಣ ಜಡತ್ವ ಹಳೆಯದರ ಹತ್ತಿರ ಹತ್ತಿರ ಮೂರರಷ್ಟಾಗುತ್ತದೆ. ಬ್ಯಾಟರಿಯು ನಡುಭಾಗದಲ್ಲಿರುವುದರಿಂದ ವಾಸ್ತವದಲ್ಲಿ ಕೊಂಚ ಕಡಿಮೆಯಿರಬಹುದು. ಒಂದೇ ಸಮನಾದ ತಿರುವಿನಲ್ಲಿ ಇದು ಬಾಧಕವಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆಗಳಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವ ದಾರಿಯಲ್ಲಿ ಪ್ರತಿ ಹೊರಳಿಗೂ ಇದು ಅರಿವಿಗೆ ಬರುವುದು. ಅಭಿಮಾನಿಗಳು “ಚುರುಕಿಲ್ಲ” ಎನ್ನುವಾಗ ಅವರ ಅಂಗೈ ಅಳೆಯುತ್ತಿರುವುದು ಇದನ್ನೇ. ನಿಲ್ಲಿಸುವಾಗಲೂ ಅಷ್ಟೆ: ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಳೆಯ ಗಾಡಿಯ ಚಲನಶಕ್ತಿ ಸುಮಾರು 3,55,000 ಜೂಲ್, ಹೊಸದರದು 7,66,000. ಅದರಲ್ಲಿ ಒಂದು ಪಾಲನ್ನು ಮೋಟಾರು ಮರಳಿ ಬ್ಯಾಟರಿಗೆ ತುಂಬುತ್ತದೆಂಬುದು ನಿಜ.

ಶಬ್ದದ ಬಗೆಗೂ ಒಂದು ಮಾತು. ನಾಲ್ಕು ಸಿಲಿಂಡರುಗಳ ಯಂತ್ರವು ನಿಮಿಷಕ್ಕೆ 3,000 ಸಲ ಸುತ್ತುವಾಗ ಸೆಕೆಂಡಿಗೆ 100 ಸ್ಫೋಟಗಳಾಗುತ್ತವೆ. 6,000 ಸಲ ಸುತ್ತುವಾಗ 200. ಕಂಪನಾಂಕ ಇಮ್ಮಡಿಯಾಯಿತು, ಎಂದರೆ ನಾದವು ಷಡ್ಜದಿಂದ ತಾರಷಡ್ಜಕ್ಕೆ ಏರಿತು. ಸಂಗೀತದ ಪರಿಚಯವಿಲ್ಲದವನ ಕಿವಿಯೂ ಈ ಏರಿಕೆಯನ್ನು ತಪ್ಪದೆ ಹಿಡಿಯುವುದು. ಯಾವಾಗ ಗೇರು ಬದಲಿಸಬೇಕೆಂಬುದನ್ನು ಚಾಲಕನು ಕಣ್ಣನ್ನು ರಸ್ತೆಯಿಂದ ತೆಗೆಯದೆಯೆ ಕಿವಿಯಿಂದಲೇ ತಿಳಿಯುತ್ತಿದ್ದನು. ವಿದ್ಯುತ್ ಗಾಡಿಯಲ್ಲಿ ಬದಲಿಸಬೇಕಾದ ಗೇರೇ ಇಲ್ಲ. ಇದನ್ನು ನಷ್ಟವೆನ್ನುವವರ ಸಂಕಟ ನಮಗೆ ಅರ್ಥವಾಗುತ್ತದೆ. ಧ್ವನಿವರ್ಧಕದಿಂದ ಕೃತಕ ಗರ್ಜನೆ ಹೊರಡಿಸುವ ಉಪಾಯ ಮಾತ್ರ ನಮಗೆ ಒಪ್ಪಿಗೆಯಿಲ್ಲ.

ಇಷ್ಟಕ್ಕೂ ಈ ಭಾರ ಬಂದುದೆಲ್ಲಿಂದ? ಸೈಬರ್‌ಸ್ಟರಿನ ಬ್ಯಾಟರಿಯಲ್ಲಿ 77 ಕಿಲೋವಾಟ್-ಗಂಟೆಯಷ್ಟು ಶಕ್ತಿ ಅಡಗಿದೆ. ಎಂದರೆ 27 ಕೋಟಿ ಜೂಲಿಗೂ ಹೆಚ್ಚು. ಕೇಳಲು ಅದ್ಭುತವೆನಿಸುವ ಈ ಮೊತ್ತವು ಕೇವಲ 8 ಲೀಟರ್ ಪೆಟ್ರೋಲಿನಲ್ಲಿದೆ. ಅದರ ತೂಕ ಸುಮಾರು 6 ಕಿಲೋಗ್ರಾಂ. ವಿದ್ಯುತ್ ಮೋಟಾರು ತನಗೆ ಕೊಟ್ಟ ಶಕ್ತಿಯ ಬಹುಪಾಲನ್ನು ಚಲನೆಗೆ ತಿರುಗಿಸುತ್ತದೆ, ಪೆಟ್ರೋಲ್ ಯಂತ್ರ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದು 25-30 ಲೀಟರಿಗೆ ಸಮನಾದೀತು. ಈ ಬಗೆಯ ಬ್ಯಾಟರಿ ಜೋಡಣೆಗಳು ಕಿಲೋಗ್ರಾಮಿಗೆ ಸಾಧಾರಣವಾಗಿ 150ರಿಂದ 180 ವಾಟ್-ಗಂಟೆ ಹಿಡಿಯುತ್ತವೆ. ಆ ಲೆಕ್ಕದಂತೆ 77 ಕಿಲೋವಾಟ್-ಗಂಟೆಗೆ 430ರಿಂದ 510 ಕಿಲೋಗ್ರಾಂ ಬೇಕು. ಇಡೀ ಎಂ. ಜಿ. ಬಿ.ಯ ಅರ್ಧದಷ್ಟು ತೂಕ ಬ್ಯಾಟರಿಗೇ ಹೋಯಿತು! ಭಾರವಾದ ಬ್ಯಾಟರಿಯನ್ನು ಹೊರಲು ಬಲವಾದ ಚೌಕಟ್ಟು, ಚೌಕಟ್ಟನ್ನು ನಿಲ್ಲಿಸಲು ದೊಡ್ಡ ಬ್ರೇಕು, ಬ್ರೇಕಿಗೆ ತಕ್ಕ ದೊಡ್ಡ ಚಕ್ರ. ಹೀಗೆ ಭಾರವು ಭಾರವನ್ನು ಹೆರುತ್ತದೆ. ಅಪಘಾತದಿಂದ ಕಾಪಾಡುವ ಇಂದಿನ ಏರ್ಪಾಡುಗಳ ತೂಕ ಬೇರೆ.

ಬ್ಯಾಟರಿಯನ್ನು 30 ಕಿಲೋವಾಟ್-ಗಂಟೆಗೆ ಇಳಿಸಿದರೆ ಅದರ ತೂಕ 200 ಕಿಲೋಗ್ರಾಮಿನೊಳಗೆ ನಿಲ್ಲುವುದು. ಅದನ್ನು ಹಿಂಬಾಲಿಸಿ ಮಿಕ್ಕದ್ದೂ ಇಳಿಯುವುದು. ಆಗ ಒಂದು ಸಲ ತುಂಬಿದರೆ ಗಾಡಿ ಓಡುವುದು 175 ಕಿಲೋಮೀಟರಿನಷ್ಟು ಮಾತ್ರ. ಭಾನುವಾರದ ಬೆಳಗಿನ ವಿಹಾರಕ್ಕೆ ಹೊರಡುವವನಿಗೆ ಅಷ್ಟು ಸಾಲದೆ ಎಂದು ನಮಗೆ ಅನಿಸುವುದುಂಟು. ಆದರೆ 55,000 ಪೌಂಡುಗಳ ಆಸುಪಾಸಿನಲ್ಲಿ ಹಣ ತೆತ್ತು ಕೊಳ್ಳುವವನು 400 ಕಿಲೋಮೀಟರಿಗೆ ಕಡಿಮೆಯಾದುದನ್ನು ಮುಟ್ಟುವುದಿಲ್ಲವೆಂಬುದು ತಯಾರಕರ ಅಂಜಿಕೆ. ದೂರವನ್ನು ಬಿಟ್ಟುಕೊಡದೆ ಹಳೆಯ ಹಗುರತನವನ್ನು ಪಡೆಯಬೇಕೆಂದರೆ ಅದೇ 77 ಕಿಲೋವಾಟ್-ಗಂಟೆಯನ್ನು 150 ಕಿಲೋಗ್ರಾಮಿನೊಳಗೆ ಅಡಕಗೊಳಿಸಬೇಕು. ಅದಕ್ಕೆ ಕಿಲೋಗ್ರಾಮಿಗೆ 500 ವಾಟ್-ಗಂಟೆಗೂ ಮಿಗಿಲಾಗಿ ಹಿಡಿಯುವ ಬ್ಯಾಟರಿ ಬೇಕು. ಇದು ಮೇಲೆ ಹೇಳಿದ ಜೋಡಣೆಗಳ ಮೂರರಷ್ಟು.