ಅಸಲು ಮುಟ್ಟದ ದತ್ತಿ

ಸಣ್ಣ ಊರಿನ ಸಾಹಿತ್ಯ ಸಂಘದ ಬೀರು ತೆಗೆದರೆ, ರಸೀದಿ ಪುಸ್ತಕಗಳ ಕೆಳಗೆ ಉದ್ದನೆಯದೊಂದು ಲೆಡ್ಜರ್ ಇರುತ್ತದೆ. ಪುಟಕ್ಕೊಂದು ಹೆಸರು. ತಾಯಿಯ ನೆನಪಿಗೆ ಮಗ ಇಟ್ಟದ್ದು, ನಿವೃತ್ತರಾದಾಗ ಮೇಷ್ಟ್ರು ಇಟ್ಟದ್ದು. ಜೊತೆಗೊಂದು ಷರತ್ತು: ಅಸಲು ಮುಟ್ಟಕೂಡದು, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಇಲ್ಲವೇ ಕನ್ನಡದಲ್ಲಿ ಹೆಚ್ಚು ಅಂಕ ತೆಗೆದ ವಿದ್ಯಾರ್ಥಿಗೆ ಬಹುಮಾನ. ಇದೇ ದತ್ತಿನಿಧಿ.

ಈ ಏರ್ಪಾಡು ಹಳೆಯದು. ನಂದಾದೀಪಕ್ಕೆ ಇಷ್ಟು ಗದ್ಯಾಣ, ಅದರ ಬಡ್ಡಿಯಲ್ಲಿ ಎಣ್ಣೆ ಎಂದು ಬರೆಸಿದ ಶಾಸನಗಳು ನಮ್ಮಲ್ಲಿವೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಷ್ಟೋ ಉಪನ್ಯಾಸ, ಪ್ರಶಸ್ತಿಗಳು ನಡೆಯುವುದೂ ದತ್ತಿಯ ಬಲದಿಂದಲೇ.

ಸದಸ್ಯತ್ವದ ಹಣ, ರಾಜ್ಯೋತ್ಸವದ ಚಂದಾ ಎಲ್ಲ ಆಯಾ ವರ್ಷವೇ ಶಾಮಿಯಾನ, ಮೈಕಿಗೆ ಮುಗಿಯುತ್ತವೆ. ವರ್ಷ ದಾಟಿ ನಿಲ್ಲುವುದು ದತ್ತಿ ಒಂದೇ.

ನಿಂತದ್ದೂ ಸವೆಯುತ್ತದೆ. 1990ರ ದಶಕದ ನಡುವೆ ಬ್ಯಾಂಕಿನ ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಇತ್ತು. ಹತ್ತು ಸಾವಿರಕ್ಕೆ ವರ್ಷಕ್ಕೆ 1,200 ರೂಪಾಯಿ. ಉಪನ್ಯಾಸಕರ ಬಸ್ ಚಾರ್ಜು, ಶಾಲು, ಹಾರ, ಆಹ್ವಾನಪತ್ರಿಕೆ, ಬಂದವರಿಗೆ ಕಾಫಿ ಅಷ್ಟರಲ್ಲೇ ನಡೆಯುತ್ತಿತ್ತು. ಈಗ ಶೇ 6.5 ಸಿಕ್ಕರೆ ಅದೇ ಗಂಟಿಗೆ 650 ರೂಪಾಯಿ. ಶಾಲು, ಹಾರಕ್ಕೇ ಎಳೆದಾಡಬೇಕು. ಠೇವಣಿ ಪತ್ರದಲ್ಲಿ ಹತ್ತು ಸಾವಿರ ಹಾಗೇ ಇದೆ, ಕೊಟ್ಟವರ ಮಾತು ನಡೆಸುವ ತ್ರಾಣ ಅದಕ್ಕಿಲ್ಲ.

ಖಜಾಂಚಿಗಳು ನಾಲ್ಕು ದತ್ತಿ ಸೇರಿಸಿ ಒಂದೇ ಸಂಜೆ ಮುಗಿಸುತ್ತಾರೆ. ನನಗೆ ಇದು ಒಪ್ಪಿತವೇ. ಒಬ್ಬೊಬ್ಬರ ಹೆಸರನ್ನೂ ಬಿಡದೆ ಹೇಳಿದರೆ ಸಾಕು. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡುವುದು ಮಾತ್ರ ತಪ್ಪು. ಕಾಲುಭಾಗವಾದರೂ ಅಸಲಿಗೆ ಸೇರಬೇಕು, ಹಾಗೆಂದು ದತ್ತಿ ಪತ್ರದಲ್ಲೇ ಬರೆಸಿಕೊಳ್ಳಬೇಕು.

1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಅಂಥದೊಂದು ಸಭೆಯಲ್ಲಿ ನಾನಿದ್ದೆ. ಖಜಾಂಚಿ ದತ್ತಿಗಳನ್ನು ಒಂದೊಂದಾಗಿ ಓದುತ್ತಿದ್ದರು. ತಮ್ಮ ತಾಯಿಯ ಹೆಸರು ಬಂದಾಗ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಈಗಿನ ಕಾಲಕ್ಕೆ ಎಷ್ಟಿದ್ದರೆ ನಡೆಯುತ್ತೆ, ಸ್ವಾಮಿ?" ಎಂದರು. ವಾರದೊಳಗೆ ಚೆಕ್ ಬಂತು. ಖಜಾಂಚಿ ಅದೇ ಪುಟದಲ್ಲಿ, ಹಳೆಯ ಮೊತ್ತದ ಕೆಳಗೆ ಹೊಸ ಮೊತ್ತ ಬರೆದು ತಾರೀಖು ಹಾಕಿದರು.