ಇಪ್ಪತ್ತೊಂಬತ್ತನೇ ಮಟ್ಟದ ಆಚೆ

ತೊಂಬತ್ತರ ದಶಕದಲ್ಲಿ ಪೇಟೆಯಲ್ಲೂ ಜಾತ್ರೆಯ ಅಂಗಡಿಗಳಲ್ಲೂ ಸಿಗುತ್ತಿದ್ದ ಬ್ರಿಕ್ ಗೇಮ್ ಹಲವರಿಗೆ ನೆನಪಿರಬಹುದು. ನಾಲ್ಕು ಚೌಕಗಳ ತುಂಡುಗಳು ಮೇಲಿನಿಂದ ಇಳಿಯುತ್ತವೆ. ತಿರುಗಿಸಿ, ಸರಿಸಿ ಒಂದು ಸಾಲು ತುಂಬಿಸಿದರೆ ಆ ಸಾಲು ಅಳಿಯುತ್ತದೆ. ಇದರ ಮೂಲ ಟೆಟ್ರಿಸ್. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೊವ್ ಇದನ್ನು ರಚಿಸಿದರು. 1989ರಲ್ಲಿ ನಿಂಟೆಂಡೊ ಕಂಪನಿ ಟಿ.ವಿ.ಗೆ ಜೋಡಿಸುವ ತನ್ನ ಯಂತ್ರಕ್ಕಾಗಿ ತಂದ ಆವೃತ್ತಿಯಲ್ಲೇ ಇಂದಿಗೂ 'ಕ್ಲಾಸಿಕ್ ಟೆಟ್ರಿಸ್' ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ. ಅದು ಆರಂಭವಾದದ್ದು 2010ರಲ್ಲಿ.

ಈ ಆಟ ಮಟ್ಟದಿಂದ ಮಟ್ಟಕ್ಕೆ ವೇಗ ಪಡೆಯುತ್ತದೆ. 29ನೇ ಮಟ್ಟದಲ್ಲಿ ತುಂಡು ಇಪ್ಪತ್ತು ಸಾಲುಗಳನ್ನು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಇಳಿದುಬಿಡುತ್ತದೆ. ಗುಂಡಿ ಒತ್ತಿ ಹಿಡಿದರೆ ಅದು ಪಕ್ಕಕ್ಕೆ ಸರಿಯುವುದು ಸೆಕೆಂಡಿಗೆ ಹತ್ತು ಮನೆ ಮಾತ್ರ. ಹಾಗಾಗಿ ಅಂಚು ಮುಟ್ಟುವ ಮೊದಲೇ ತಳ ಮುಟ್ಟುತ್ತದೆ. ಮನುಷ್ಯರ ಆಟ ಇಲ್ಲಿಗೆ ಮುಗಿಯಿತು ಎಂದೇ ಆಟಗಾರರು ಬಹುಕಾಲ ನಂಬಿದ್ದರು. 2011ರಲ್ಲಿ ಥಾರ್ ಆಕರ್ಲಂಡ್ 30ನೇ ಮಟ್ಟ ತಲುಪಿ ತೋರಿಸಿದರು. ಅವರು ಗುಂಡಿಯನ್ನು ಹಿಡಿಯುತ್ತಿರಲಿಲ್ಲ, ಹೆಬ್ಬೆರಳನ್ನು ನಡುಗಿಸುತ್ತ ಎಡೆಬಿಡದೆ ಬಡಿಯುತ್ತಿದ್ದರು.

ಆ ಬಡಿತವನ್ನು ಗೆಲುವಿನ ವಿದ್ಯೆಯಾಗಿಸಿದವನು ಕ್ಯಾಲಿಫೋರ್ನಿಯಾದ ಜೋಸೆಫ್ ಸೇಲಿ. 2016ರ ಫೈನಲ್‌ನ ವಿಡಿಯೊ ನೋಡಿ ಆಟಕ್ಕಿಳಿದ ಹುಡುಗ ಅವನು. ಆ ಫೈನಲ್ ಗೆದ್ದಿದ್ದವರು ಜೋನಾಸ್ ನ್ಯೂಬಾವರ್. ಮೊದಲ ಎಂಟು ವರ್ಷಗಳಲ್ಲಿ ಏಳು ಬಾರಿ ಕಿರೀಟ ಅವರದೇ. 2018ರ ಅಕ್ಟೋಬರಿನಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ, ಹದಿನಾರರ ಸೇಲಿ ಅದೇ ನ್ಯೂಬಾವರ್ ಅವರನ್ನು ಫೈನಲ್‌ನಲ್ಲಿ 3–0ರಿಂದ ಸೋಲಿಸಿದ. ತಾನು ಹುಟ್ಟುವ ಮೊದಲೇ ಹಳೆಯದಾಗಿದ್ದ ಆಟವನ್ನು, ಅದನ್ನೇ ಆಡುತ್ತ ಬೆಳೆದವರಿಂದ ಅವನು ಗೆದ್ದುಕೊಂಡ.

ಇದನ್ನು ಒಬ್ಬ ಹುಡುಗನ ಪವಾಡವೆಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಈ ಬಳಗದಲ್ಲಿ ಯಾರೂ ಪಟ್ಟನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಬೆರಳನ್ನು ಎಲ್ಲಿಡಬೇಕು, ಗುಡ್ಡೆಯನ್ನು ಹೇಗೆ ಕಟ್ಟಬೇಕು, ಎಲ್ಲವನ್ನೂ ವಿಡಿಯೊಗಳಲ್ಲಿ ಬಿಚ್ಚಿಟ್ಟರು. ವಿದ್ಯೆಯನ್ನು ಹೀಗೆ ಎಲ್ಲರಿಗೂ ತೆರೆದಿಡುವುದು ಇಂಡಿ ತಾಲ್ಲೂಕಿನ ಸಾಲೋಟಗಿಯವರಿಗೆ ಹೊಸ ಮಾತಲ್ಲ. ರಾಷ್ಟ್ರಕೂಟರ ಮೂರನೇ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರ ವಾಸಕ್ಕೆ 27 ಮನೆಗಳಿದ್ದವು ಎಂದು ಕ್ರಿ.ಶ. 945ರ ಶಾಸನ ಹೇಳುತ್ತದೆ. ಅಂದು ಕಲಿಯಬೇಕಾದರೆ ಊರಿಗೇ ಬರಬೇಕಿತ್ತು. ಸೇಲಿಯ ಗುರುಗಳು ಅವನ ಮನೆಯ ಪರದೆಗೇ ಬಂದರು.

ಸೇಲಿಯ ನಂತರದ ಹುಡುಗರು ಇನ್ನೂ ಮುಂದೆ ಹೋದರು. 2020ರಲ್ಲಿ ಹದಿಮೂರರ ಮೈಕೆಲ್ ಆರ್ಟಿಯಾಗ ಫೈನಲ್‌ನಲ್ಲಿ ಸ್ವಂತ ಅಣ್ಣನನ್ನೇ ಸೋಲಿಸಿ ಚಾಂಪಿಯನ್ ಆದ. ಅದೇ ಹೊತ್ತಿಗೆ ಕ್ರಿಸ್ಟೋಫರ್ ಮಾರ್ಟಿನೆಜ್ 'ರೋಲಿಂಗ್' ಎಂಬ ಪಟ್ಟನ್ನು ರೂಢಿಗೆ ತಂದ. ಹೆಬ್ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಇಟ್ಟು, ಕಂಟ್ರೋಲರಿನ ಬೆನ್ನಿಗೆ ಇನ್ನೊಂದು ಕೈಯ ಬೆರಳುಗಳಿಂದ ತಬಲದಂತೆ ಒಂದರ ಹಿಂದೊಂದು ಬಡಿಯುವುದು. ಪ್ರತಿ ಬಡಿತಕ್ಕೂ ಗುಂಡಿಯೇ ಹೆಬ್ಬೆರಳಿಗೆ ತಾಗಿ ಒತ್ತಿಕೊಳ್ಳುತ್ತದೆ. ಹೆಬ್ಬೆರಳಿಗೆ ಎಟುಕದ ವೇಗ ಹೀಗೆ ಕೈಗೆ ಬಂತು. 29ನೇ ಮಟ್ಟ ಗೋಡೆಯಾಗಿ ಉಳಿಯಲಿಲ್ಲ.

ಆಮೇಲೆ ಸೋತದ್ದು ಯಂತ್ರ. ಅಂಕ ಕೂಡಿಸಲು ಈ ಆಟ, ಮಟ್ಟ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟು ಸಲ ಒಂದೇ ಲೆಕ್ಕವನ್ನು ಮರಳಿ ಮಾಡುತ್ತದೆ. ಮಟ್ಟ ನೂರೈವತ್ತು ದಾಟಿದ ಮೇಲೆ ಆ ಲೆಕ್ಕ ಮುಗಿಯುವುದರೊಳಗೆ ಮುಂದಿನ ಚಿತ್ರದ ಸರದಿ ಬಂದುಬಿಡಬಹುದು. ಆಗ ಪ್ರೊಸೆಸರ್ ದಾರಿ ತಪ್ಪಿ, ಆಟ ಹೆಪ್ಪುಗಟ್ಟುತ್ತದೆ. 2023ರ ಡಿಸೆಂಬರ್ 21ರಂದು ಒಕ್ಲಹೋಮಾದ ಹದಿಮೂರರ ವಿಲಿಸ್ ಗಿಬ್ಸನ್ 157ನೇ ಮಟ್ಟದಲ್ಲಿ ಆಟವನ್ನು ಹಾಗೆ ನಿಲ್ಲಿಸಿದ. ಮೂಲ ಆಟವನ್ನು ಅಲ್ಲಿಯವರೆಗೆ ಒಯ್ದ ಮೊದಲ ಮನುಷ್ಯ ಅವನು. ಅದಕ್ಕೆ ಒಂದು ವಾರ ಮೊದಲು ತಂದೆಯನ್ನು ಕಳೆದುಕೊಂಡಿದ್ದ. ಸಾಧನೆಯನ್ನು ಅವರಿಗೇ ಅರ್ಪಿಸಿದ.

ಆಟ ಕೆಟ್ಟು ನಿಲ್ಲದಂತೆ ತಿದ್ದಿದ ಆವೃತ್ತಿಯಲ್ಲಿ 2024ರ ಅಕ್ಟೋಬರಿನಲ್ಲಿ ಆರ್ಟಿಯಾಗ 255ನೇ ಮಟ್ಟವನ್ನೂ ದಾಟಿದ. ಆಟದ ಎಣಿಕೆ ಅಲ್ಲಿಗೆ ತುಂಬಿ, ಮಟ್ಟ ಮತ್ತೆ ಸೊನ್ನೆಗೆ ಬಂತು. ಅವನು ಆಡುತ್ತಲೇ ಹೋದ.