ಕಪಾಟಿಗೇರಿದ ಸೂಪರ್‌ಹೀರೋಗಳು

ಸಿನಿಮಾ ನೋಡಿಕೊಂಡು ಬಂದ ಹುಡುಗನೊಬ್ಬ ‘ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಓದ್ಬೇಕು ಅಂಕಲ್, ಎಲ್ಲಿಂದ ಶುರು ಮಾಡ್ಲಿ?’ ಎಂದು ಕೇಳಿದರೆ ಏನು ಹೇಳುತ್ತೀರಿ? ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಮಾಸಿಕ ಆರಂಭವಾದದ್ದು 1963ರಲ್ಲಿ. 2022ರಲ್ಲಿ ಅದರ ಒಟ್ಟು ಲೆಕ್ಕದ 900ನೇ ಸಂಚಿಕೆ ಬಂತು. ನಡುವೆ ಹಲವು ಸಲ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಿದ್ದಾರೆ. ಅದೇ ನಾಯಕನ ಬೇರೆ ಮಾಸಿಕಗಳೂ ಉಂಟು. ಮೊದಲಿನಿಂದ ಓದು ಎಂದರೆ ಹುಡುಗ ಅಲ್ಲಿಗೇ ಕೈಬಿಡುತ್ತಾನೆ. ಅವನಿಗೆ ಬೇಕಾದದ್ದು ಒಂದು ಪುಸ್ತಕ. ಆದಿ ಅಂತ್ಯ ಇರುವ, ಒಂದು ರಜಾದಿನದಲ್ಲಿ ಓದಿ ಮುಗಿಸಬಹುದಾದ, ಗೆಳೆಯನಿಗೂ ಕೊಡಬಹುದಾದ ಪುಸ್ತಕ. ಅದೇ ಟ್ರೇಡ್ ಪೇಪರ್‌ಬ್ಯಾಕ್. ಬಲ್ಲವರು ಬರೀ ‘ಟ್ರೇಡ್’ ಎನ್ನುತ್ತಾರೆ.

ಅಮೆರಿಕದ ಸೂಪರ್‌ಹೀರೋ ಕಥೆ ಮೊದಲು ಬರುವುದು ತೆಳ್ಳನೆಯ ಮಾಸಿಕ ಸಂಚಿಕೆಯಾಗಿ. ನಡುವೆ ಪಿನ್ ಹೊಡೆದಿರುತ್ತದೆ. ಕಥೆ ಇಪ್ಪತ್ತು ಇಪ್ಪತ್ತೆರಡು ಪುಟ, ಉಳಿದದ್ದು ಜಾಹೀರಾತು. ಇದಕ್ಕೆ ಫ್ಲಾಪಿ ಎಂಬ ಅಡ್ಡಹೆಸರು. ಐದಾರು ತಿಂಗಳಲ್ಲಿ ಕಥೆ ಒಂದು ಘಟ್ಟ ಮುಟ್ಟಿದ ಮೇಲೆ ಆ ಸಂಚಿಕೆಗಳ ಜಾಹೀರಾತು ಕಳೆದು, ಬೆನ್ನಿಗೆ ಅಂಟು ಹಾಕಿ, ಪುಸ್ತಕವಾಗಿ ತರುತ್ತಾರೆ. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕತ್ತರಿಸಿಟ್ಟು, ಕಾದಂಬರಿ ಮುಗಿದ ಮೇಲೆ ಬೈಂಡ್ ಮಾಡಿಸಿ ಇಟ್ಟುಕೊಳ್ಳುತ್ತಿದ್ದ ಮನೆಗಳು ನಮ್ಮಲ್ಲಿ ಎಷ್ಟೋ ಇದ್ದವು. ನಮ್ಮ ಓದುಗರು ತಾವೇ ಮಾಡಿಕೊಂಡ ಆ ಕೆಲಸವನ್ನು ಅಲ್ಲಿ ಪ್ರಕಾಶಕರು ಮಾಡಿದರು, ಅದೂ ಬಹಳ ತಡವಾಗಿ.

ತಡವಾದದ್ದಕ್ಕೆ ಕಾರಣವಿದೆ. 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ ಅದರ ಬೆಲೆ 10 ಸೆಂಟ್. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟಿದ್ದರು. ಪತ್ರಿಕೆ ಅಂಗಡಿಯಲ್ಲಿ ಒಂದು ತಿಂಗಳು ಇದ್ದು ಹೋಗುವ ಸರಕು ಅದು. ಮಾರಾಟವಾಗದೆ ಉಳಿದರೆ ಅಂಗಡಿಯವನು ಮುಖಪುಟ ಹರಿದು ವಾಪಸ್ ಕಳಿಸಿ ಹಣ ಪಡೆಯುತ್ತಿದ್ದ, ಉಳಿದ ಹಾಳೆ ರದ್ದಿಗೆ. ಇದನ್ನು ಯಾರಾದರೂ ಇಪ್ಪತ್ತು ವರ್ಷ ಬಿಟ್ಟು ಓದುತ್ತಾರೆ ಎಂಬ ಕಲ್ಪನೆಯೇ ವ್ಯಾಪಾರದೊಳಗೆ ಇರಲಿಲ್ಲ.

ದಾರಿ ತೆರೆದದ್ದು 1970ರ ದಶಕದ ಆರಂಭದಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಫಿಲ್ ಸ್ಯೂಲಿಂಗ್. ‘ಉಳಿದದ್ದನ್ನು ವಾಪಸ್ ಕೊಡುವುದಿಲ್ಲ, ಬದಲಿಗೆ ಹೆಚ್ಚು ಕಮಿಷನ್ ಕೊಡಿ’ ಎಂದು ಅವರು ಪ್ರಕಾಶಕರ ಜೊತೆ ಮಾಡಿಕೊಂಡ ಒಪ್ಪಂದದ ಮೇಲೆ ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳ ಜಾಲ ಬೆಳೆಯಿತು. ಉಳಿದ ಸಂಚಿಕೆ ರದ್ದಿಗೆ ಹೋಗದೆ ಅಂಗಡಿಯಲ್ಲೇ ಕೂತಿತು. ಹಳೆಯದನ್ನು ಹುಡುಕಿಕೊಂಡು ಬರುವ ಗಿರಾಕಿ ಹುಟ್ಟಿಕೊಂಡ. 1980ರ ಎಕ್ಸ್-ಮೆನ್ ಕಥೆ ‘ದಿ ಡಾರ್ಕ್ ಫೀನಿಕ್ಸ್ ಸಾಗಾ’ 1984ರಲ್ಲಿ ಪುಸ್ತಕವಾಯಿತು. 1986ರಲ್ಲಿ ಫ್ರಾಂಕ್ ಮಿಲ್ಲರ್ ಬರೆದು ಚಿತ್ರಿಸಿದ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ ಬಂತು. 1987ರಲ್ಲಿ ‘ವಾಚ್‌ಮೆನ್’ ಪುಸ್ತಕವಾಗುವ ಹೊತ್ತಿಗೆ ಈ ರೂಪಕ್ಕೆ ಪುಸ್ತಕದಂಗಡಿಯಲ್ಲೂ ಜಾಗ ಸಿಕ್ಕಿತ್ತು.

‘ವಾಚ್‌ಮೆನ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಈ ಹನ್ನೆರಡು ಸಂಚಿಕೆಗಳ ಕಥೆ ಪುಸ್ತಕವಾದ ಮೇಲೆ ಮುದ್ರಣ ನಿಲ್ಲಿಸಿಯೇ ಇಲ್ಲ. ಕೃತಿ ಅಚ್ಚಿನಲ್ಲಿ ಇಲ್ಲದಂತಾದರೆ ಹಕ್ಕು ಲೇಖಕರಿಗೆ ಮರಳಬೇಕೆಂಬ ಷರತ್ತು ಕರಾರಿನಲ್ಲಿತ್ತು. ಅಂದಿನ ರೂಢಿಯಂತೆ ಒಂದೆರಡು ವರ್ಷದಲ್ಲಿ ಮಾರಾಟ ನಿಂತು ಹಕ್ಕು ತಮಗೆ ಬರುತ್ತದೆಂದೇ ಲೇಖಕರು ನಂಬಿದ್ದರು. ಪುಸ್ತಕ ಗೆದ್ದಿತು, ಹಕ್ಕು ಬರಲಿಲ್ಲ. ಮೂರ್ ಮತ್ತು ಡಿಸಿ ಪ್ರಕಾಶನದ ನಡುವಿನ ಬಿರುಕಿಗೆ ಇದು ದೊಡ್ಡ ಕಾರಣ. ಟ್ರೇಡ್‌ಗಳನ್ನು ಪ್ರೀತಿಸುವವರು ಈ ಕಥೆಯನ್ನೂ ತಿಳಿದಿರಬೇಕು. ಕಪಾಟಿನಲ್ಲಿ ಸದಾ ಸಿಗುವ ಪುಸ್ತಕಕ್ಕೆ ಅದನ್ನು ಬರೆದವರು ಬೆಲೆ ತೆತ್ತಿದ್ದಾರೆ.

‘ವಾಚ್‌ಮೆನ್’ನ ಐದನೆಯ ಅಧ್ಯಾಯವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೊದಲ ಪುಟಕ್ಕೆ ಒಂದು ಬೆರಳು, ಕೊನೆಯ ಪುಟಕ್ಕೆ ಇನ್ನೊಂದು ಬೆರಳು ಇಟ್ಟುಕೊಳ್ಳಿ. ಒಂದರ ಚೌಕಟ್ಟುಗಳ ಜೋಡಣೆ ಇನ್ನೊಂದರ ಕನ್ನಡಿ ಬಿಂಬ. ಎರಡನೆಯ ಪುಟಕ್ಕೆ ಕೊನೆಯಿಂದ ಎರಡನೆಯದು ಜೊತೆ. ಹೀಗೇ ಎರಡೂ ಕಡೆಯಿಂದ ಒಳಗೆ ಬಂದರೆ ನಟ್ಟನಡುವಿನ ಎದುರುಬದುರು ಪುಟಗಳಲ್ಲಿ ಹೊಡೆದಾಟದ ಒಂದೇ ಚಿತ್ರ ಎರಡೂ ಕಡೆ ಹರಡಿಕೊಂಡಿದೆ. ಕಣ್ಣಿಗೆ ತಕ್ಷಣ ಬೀಳದ ಈ ಕುಸುರಿ ಎರಡನೇ ಮೂರನೇ ಓದಿಗೆಂದೇ ಮಾಡಿದ್ದು. ಮರು ಓದಿಗೆ ಮನೆಯಲ್ಲಿ ಪುಸ್ತಕ ಇರಬೇಕು.

ಫ್ಲಾಪಿ ಸಂಗ್ರಹದ ಹಾದಿ 1990ರ ದಶಕದಲ್ಲಿ ಬೇರೆಯೇ ದಿಕ್ಕಿಗೆ ಹೊರಳಿತು. ಸಂಚಿಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು ಮುಂದೆ ದುಬಾರಿಗೆ ಮಾರುವ ಆಸೆ ಹಬ್ಬಿತು. 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಐದು ಬಗೆಯ ಮುಖಪುಟಗಳೊಂದಿಗೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಎಲ್ಲರ ಹತ್ತಿರವೂ ಇರುವ ವಸ್ತುವಿಗೆ ಬೆಲೆ ಏರುವುದಾದರೂ ಹೇಗೆ? ಗುಳ್ಳೆ ಒಡೆಯಿತು, ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಎಕ್ಸ್-ಮೆನ್ ಪ್ರಕಟಿಸುವ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಟ್ರೇಡ್ ಸಂಗ್ರಹಿಸುವವರ ಲೆಕ್ಕಾಚಾರವೇ ಬೇರೆ. ಅವರ ಪುಸ್ತಕದ ಮೂಲೆ ಮಡಚಿದ್ದರೂ ಚಿಂತೆಯಿಲ್ಲ. ಅವರ ಸಂಗ್ರಹ ಓದಲಿಕ್ಕೆ, ಓದಿ ಕೊಡಲಿಕ್ಕೆ. ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹಿಡಿಸಿದ ಗುಣ ಇದೇ.

ಹಾಗೆಂದು ಕಣ್ಣು ಮುಚ್ಚಿ ಕೊಳ್ಳುವ ಹಾಗಿಲ್ಲ. ಬೆನ್ನಿನ ಮೇಲೆ ‘ಸಂಪುಟ 1’ ಎಂದಿದ್ದರೆ ಅದೇ ಆರಂಭ ಎಂದು ತಿಳಿಯಬೇಡಿ. ಲೇಖಕರು ಬದಲಾದಾಗ ಅನೇಕ ಸಲ ಎಣಿಕೆ ಒಂದಕ್ಕೆ ಮರಳುತ್ತದೆ. ‘ಹಾಕ್‌ಐ’ ಹೆಸರಿನಲ್ಲೇ ಒಂದಕ್ಕಿಂತ ಹೆಚ್ಚು ಮೊದಲ ಸಂಪುಟಗಳಿವೆ. ಆದ್ದರಿಂದ ಪುಸ್ತಕ ಕೇಳುವಾಗ ನಾಯಕನ ಹೆಸರಿನ ಜೊತೆಗೆ ಬರಹಗಾರ, ಚಿತ್ರಕಾರರ ಹೆಸರನ್ನೂ ಹೇಳಿ: ಮ್ಯಾಟ್ ಫ್ರ್ಯಾಕ್ಷನ್, ಡೇವಿಡ್ ಆಹಾ ಅವರ ‘ಹಾಕ್‌ಐ’. ಆಮೇಲೆ ಹಿಂಬದಿಯ ರಕ್ಷಾಪುಟದಲ್ಲೋ ಒಳಗಿನ ಮುದ್ರಣ ವಿವರದಲ್ಲೋ ಸಣ್ಣಕ್ಷರದ ಸಾಲೊಂದು ಇರುತ್ತದೆ, ಒಳಗೆ ಯಾವ ಸಂಚಿಕೆಗಳಿವೆ ಎಂದು. ಇಡೀ ಪುಸ್ತಕದ ಜಾತಕ ಅಲ್ಲಿದೆ.

ಈ ‘ಹಾಕ್‌ಐ’ ಸರಣಿಯ ಜಾತಕ ಓದುವುದೇ ಒಂದು ಸೊಗಸು. 2012ರಿಂದ 2015ರವರೆಗೆ ಬಂದ 22 ಸಂಚಿಕೆಗಳಲ್ಲಿ ಒಂದು ಹಂತದ ನಂತರ ಕಥೆ ಎರಡಾಗಿ ಕವಲೊಡೆದು, ಹಾಕ್‌ಐ ಎಂಬ ಹೆಸರು ಹೊತ್ತ ಇಬ್ಬರಲ್ಲಿ ಒಂದು ಸಂಚಿಕೆ ನ್ಯೂಯಾರ್ಕಿನ ಕ್ಲಿಂಟ್‌ನದು, ಮುಂದಿನದು ಲಾಸ್ ಏಂಜಲಿಸ್‌ಗೆ ಹೊರಟ ಕೇಟ್‌ಳದು ಎಂಬಂತೆ ಸಾಗುತ್ತಿತ್ತು. ಪುಸ್ತಕ ಮಾಡುವಾಗ ಸಂಪಾದಕರು 14, 16, 18, 20ನೇ ಸಂಚಿಕೆಗಳನ್ನು ಒಟ್ಟುಮಾಡಿ ಕೇಟ್‌ಳಿಗೆ ಮೂರನೇ ಸಂಪುಟ ಕೊಟ್ಟರು. 12, 13, 15, 17, 19, 21, 22 ಕ್ಲಿಂಟ್‌ನ ನಾಲ್ಕನೆಯ ಸಂಪುಟವಾಯಿತು. ತಿಂಗಳು ತಿಂಗಳು ಓದಿದವರು ಓದಿದ್ದೇ ಒಂದು ಕಥೆ, ಪುಸ್ತಕದಲ್ಲಿ ಓದಿದವರದು ಇನ್ನೊಂದು. ಎರಡನೇ ಸಂಪುಟದ ಕೊನೆಗಿರುವ 11ನೇ ಸಂಚಿಕೆಯಂತೂ ಪೂರ್ತಿ ಒಂದು ನಾಯಿಯ ಕಣ್ಣಿನಿಂದ ಹೇಳಿದ್ದು. ನಾಯಿಗೆ ಅರ್ಥವಾಗದ ಮಾತುಗಳೆಲ್ಲ ಗೀಚುಗಳು, ಮೂಸಿದ ವಾಸನೆಗಳೆಲ್ಲ ಪುಟ್ಟ ಪುಟ್ಟ ಚಿಹ್ನೆಗಳು. 2014ರಲ್ಲಿ ಅದಕ್ಕೆ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿ ಬಂತು. ಕಾಮಿಕ್ಸ್ ಮಕ್ಕಳಾಟ ಎನ್ನುವವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಪುಸ್ತಕ ರೂಪದಲ್ಲಿ ಕಳೆದುಹೋಗುವುದೂ ಇದೆ. ಪಿನ್ ಹೊಡೆದ ಸಂಚಿಕೆ ಮೇಜಿನ ಮೇಲೆ ಅಂಗಾತ ಬಿಡಿಸಿಕೊಳ್ಳುತ್ತದೆ. ಅಂಟಿನ ಬೈಂಡಿಂಗ್ ಹಾಗಲ್ಲ. ಎರಡು ಪುಟಗಳಿಗೆ ಹರಡಿದ ಚಿತ್ರದ ನಡುಭಾಗ ಸಂದಿನೊಳಗೆ ಮುಳುಗಿಬಿಡುತ್ತದೆ. ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಒರಟು ನ್ಯೂಸ್‌ಪ್ರಿಂಟ್‌ಗೆಂದು ಹಾಕಿದ ಬಣ್ಣ ಹೊಳಪಿನ ಕಾಗದದ ಮೇಲೆ ಕಣ್ಣು ಕುಕ್ಕುತ್ತದೆ. 1987ರ ‘ಬ್ಯಾಟ್‌ಮ್ಯಾನ್: ಇಯರ್ ಒನ್’ ಪುಸ್ತಕವಾಗುವಾಗ ರಿಚ್ಮಂಡ್ ಲೂಯಿಸ್ ತಮ್ಮ ಬಣ್ಣಗಾರಿಕೆಯನ್ನು ಮತ್ತೆ ಹೊಸದಾಗಿ ಮಾಡಿದರು. 1988ರ ‘ದಿ ಕಿಲ್ಲಿಂಗ್ ಜೋಕ್’ಗೆ ಜಾನ್ ಹಿಗಿನ್ಸ್ ಹಾಕಿದ್ದ ಕಡು ಬಣ್ಣಗಳನ್ನು ಚಿತ್ರಕಾರ ಬ್ರಯಾನ್ ಬೋಲಂಡ್ 2008ರ ಆವೃತ್ತಿಯಲ್ಲಿ ತಾವೇ ಬದಲಿಸಿದರು. ಯಾವುದು ಮೇಲು ಎಂಬ ವಾದ ಇಂದಿಗೂ ಮುಗಿದಿಲ್ಲ. ಹಿಗಿನ್ಸ್‌ರ ಉರಿಬಣ್ಣಗಳಲ್ಲೇ ಆ ಕಥೆಯ ಹುಚ್ಚು ಇದೆ ಎಂಬುದು ನನ್ನ ಅಭಿಪ್ರಾಯ.

ಕೆಲವು ಪುಸ್ತಕಗಳು ಕಣ್ಮರೆಯೇ ಆಗುತ್ತವೆ. ಮೂರ್ ಅವರದೇ ‘ಮಿರಾಕಲ್‌ಮ್ಯಾನ್’ ಹಕ್ಕುಗಳ ಜಗಳದಲ್ಲಿ ಸಿಕ್ಕಿ ದಶಕಗಳ ಕಾಲ ಮರುಮುದ್ರಣ ಕಾಣಲಿಲ್ಲ. ಹಳೆಯ ಪ್ರತಿಗಳಿಗೆ ಓದುಗರು ಜೇಬು ಬರಿದು ಮಾಡಿಕೊಂಡರು. 2014ರಲ್ಲಿ ಮಾರ್ವೆಲ್ ಮತ್ತೆ ಅಚ್ಚು ಹಾಕಿದಾಗ ಮೂರ್ ತಮ್ಮ ಹೆಸರು ಹಾಕಬಾರದೆಂದರು. ಪುಸ್ತಕದ ಮೇಲೆ ‘ಮೂಲ ಬರಹಗಾರ’ ಎಂದಷ್ಟೇ ಇದೆ.

ಇನ್ನು ಶಿಫಾರಸಿನ ವಿಷಯ. ಪುಸ್ತಕ ಕೇಳಿಕೊಂಡು ಬಂದವರಿಗೆ ‘ಯಾವ ಹೀರೋ ಇಷ್ಟ?’ ಎಂದು ಕೇಳುವುದು ವಾಡಿಕೆ. ‘ಈಚೆಗೆ ಏನು ಓದಿದಿರಿ, ಯಾವುದು ಹಿಡಿಸಿತು?’ ಎಂದು ಕೇಳಿದರೆ ಉತ್ತರ ಸುಲಭವಾಗುತ್ತದೆ. ಪತ್ತೇದಾರಿ ಕಾದಂಬರಿ ಓದುವವರಿಗೆ ‘ಇಯರ್ ಒನ್’. ಮಿಲ್ಲರ್ ಬರೆದು ಡೇವಿಡ್ ಮಾಝುಕೆಲ್ಲಿ ಚಿತ್ರಿಸಿದ ಈ ನಾಲ್ಕು ಸಂಚಿಕೆಗಳ ಕಥೆಯಲ್ಲಿ ಬ್ಯಾಟ್‌ಮ್ಯಾನ್‌ನಷ್ಟೇ ಪಾಲು, ಭ್ರಷ್ಟ ಪೊಲೀಸ್ ಠಾಣೆಯಲ್ಲಿ ಒಬ್ಬಂಟಿಯಾಗಿ ಹೆಣಗುವ ಅಧಿಕಾರಿ ಗಾರ್ಡನ್‌ನದು. ಮೊದಲು ಹೇಳಿದ ಹುಡುಗನಿಗೆ ಬ್ರಯಾನ್ ಮೈಕೆಲ್ ಬೆಂಡಿಸ್, ಮಾರ್ಕ್ ಬ್ಯಾಗ್ಲಿ ಅವರ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಮೊದಲ ಸಂಪುಟ. 1962ರಲ್ಲಿ 11 ಪುಟದಲ್ಲಿ ಮುಗಿದಿದ್ದ ಹುಟ್ಟಿನ ಕಥೆಯನ್ನು 2000ದಲ್ಲಿ ಇವರು ಹಲವು ಸಂಚಿಕೆಗಳಿಗೆ ಹಿಗ್ಗಿಸಿದರು. ಕಥೆ ಪುಸ್ತಕವಾಗುವುದು ಖಚಿತ ಎಂದು ಗೊತ್ತಿದ್ದರಿಂದ ಬರವಣಿಗೆಯೇ ನಿಧಾನವಾಯಿತು, ಚಿಕ್ಕಪ್ಪ ಬೆನ್‌ನ ಜೊತೆಗಿನ ಊಟದ ಮೇಜಿನ ಮಾತಿಗೂ ಜಾಗ ಸಿಕ್ಕಿತು.

ಸೂಪರ್‌ಮ್ಯಾನ್ ಎಂದರೆ ಬೇಸರ ಎನ್ನುವವರು ಬಹಳ. ಅವರಿಗೆ ಗ್ರಾಂಟ್ ಮಾರಿಸನ್, ಫ್ರಾಂಕ್ ಕ್ವೈಟ್ಲಿ ಅವರ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’. ಎಲ್ಲರಿಗೂ ಗೊತ್ತಿರುವ ಹುಟ್ಟಿನ ಕಥೆಯನ್ನು ಅದು ಮೊದಲ ಪುಟದಲ್ಲಿ ನಾಲ್ಕು ಚಿತ್ರ, ಎಂಟು ಪದಗಳಲ್ಲಿ ಮುಗಿಸುತ್ತದೆ. ತಾನು ಸಾಯಲಿದ್ದೇನೆಂದು ತಿಳಿದ ನಾಯಕ ಉಳಿದ ದಿನಗಳಲ್ಲಿ ಏನೇನು ಮಾಡಿ ಮುಗಿಸುತ್ತಾನೆ ಎಂಬುದೇ ಕಥೆ. ಹತ್ತನೆಯ ಅಧ್ಯಾಯದ ಒಂದು ಪುಟದಲ್ಲಿ, ಎತ್ತರದ ಕಟ್ಟಡದ ಅಂಚಿನಲ್ಲಿ ಹಾರಲು ನಿಂತ ಹುಡುಗಿಯ ಹಿಂದೆ ಅವನು ಬಂದು ನಿಲ್ಲುತ್ತಾನೆ. ಅವಳ ಡಾಕ್ಟರು ಬರುವುದು ತಡವಾದದ್ದು ನಿಜವೇ, ಅವಳು ತಾನಂದುಕೊಂಡದ್ದಕ್ಕಿಂತ ಎಷ್ಟೋ ಗಟ್ಟಿಗಿತ್ತಿ ಎನ್ನುತ್ತಾನೆ. ಅವಳು ತಿರುಗಿ ಅವನನ್ನು ತಬ್ಬಿಕೊಳ್ಳುತ್ತಾಳೆ. ಗ್ರಹಗಳನ್ನೇ ಎತ್ತಬಲ್ಲವನು ಆ ಪುಟದಲ್ಲಿ ಮಾಡುವುದು ಅಷ್ಟೇ, ನನ್ನ ಮಟ್ಟಿಗೆ ಸೂಪರ್‌ಮ್ಯಾನ್ ಕಥೆಗಳಲ್ಲೇ ಅದು ಶ್ರೇಷ್ಠ ಪುಟ.

‘ವಾಚ್‌ಮೆನ್’ ಅನ್ನು ಮಾತ್ರ ಯಾರಿಗೂ ಮೊದಲ ಪುಸ್ತಕವಾಗಿ ಕೊಡಬೇಡಿ. ಪಟ್ಟಿಗಳೆಲ್ಲ ಅದನ್ನೇ ಮೇಲೆ ಬರೆಯುತ್ತವೆ, ನಿಜ. ಆದರೆ ಅದು ಸೂಪರ್‌ಹೀರೋ ಎಂಬ ಕಲ್ಪನೆಯ ಜೊತೆಗೇ ಜಗಳಕ್ಕೆ ನಿಂತ ಕೃತಿ. ಆ ಕಲ್ಪನೆಯನ್ನು ಒಮ್ಮೆಯಾದರೂ ಪ್ರೀತಿಸಿದವರಿಗಷ್ಟೇ ಆ ಜಗಳ ತಟ್ಟುತ್ತದೆ.

ಪುಸ್ತಕ ಬರಲಿ ಎಂದು ಕಾಯುವ ಓದುಗರಿಂದ ಹೊಸ ಸರಣಿಗಳಿಗೆ ತೊಂದರೆಯೂ ಇದೆ. ಅಂಗಡಿಯವರು ಬಿಡಿ ಸಂಚಿಕೆಗೆ ಸುಮಾರು ಎರಡು ತಿಂಗಳು ಮೊದಲೇ ಆರ್ಡರ್ ಹಾಕುತ್ತಾರೆ. ಆರ್ಡರ್ ಕಡಿಮೆಯಾದರೆ ಸರಣಿ ನಿಲ್ಲುತ್ತದೆ, ಕಾದವರಿಗೆ ಮುಂದಿನ ಪುಸ್ತಕವೇ ಬರುವುದಿಲ್ಲ. ಅದಕ್ಕೆ ವಿರುದ್ಧ ಉದಾಹರಣೆ 2014ರ ‘ಮಿಸ್ ಮಾರ್ವೆಲ್’. ಜಿ. ವಿಲೋ ವಿಲ್ಸನ್ ಬರೆದು ಏಡ್ರಿಯನ್ ಅಲ್ಫೋನಾ ಚಿತ್ರಿಸಿದ, ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್‌ಳ ಈ ಕಥೆ ಕಾಮಿಕ್ಸ್ ಅಂಗಡಿಯ ಮೆಟ್ಟಿಲು ಹತ್ತದ ಓದುಗರನ್ನು ಪುಸ್ತಕದಂಗಡಿ, ಲೈಬ್ರರಿಗಳಲ್ಲಿ ತಲುಪಿತು. ಮೊದಲ ಸಂಪುಟ 2015ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ಮನೆಯಲ್ಲಿ ಒಂದು ಲೋಕ, ಕಾಲೇಜಿನಲ್ಲಿ ಇನ್ನೊಂದು ಲೋಕ ಎಂದು ಬದುಕುವ ಯಾವ ಹುಡುಗಿಗೂ ಇದನ್ನು ಧೈರ್ಯವಾಗಿ ಕೊಡಬಹುದು.

ನಮಗೂ ಈ ಓದು ಹೊಸದೇನಲ್ಲ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮ್, ಮ್ಯಾಂಡ್ರೇಕ್‌ರನ್ನು ಕನ್ನಡದಲ್ಲೂ ಮನೆಗೆ ತಂದಿತ್ತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯ ಬಿಡಿ ಪುಸ್ತಕಗಳು ಮುಂದೆ ಮೂರು, ಐದು ಕಥೆಗಳ ಒಟ್ಟು ಸಂಪುಟಗಳಾಗಿಯೂ ಬಂದವು. 2004ರಲ್ಲಿ ಮುಂಬೈ ಹುಡುಗ ಪವಿತ್ರ್ ಪ್ರಭಾಕರ್‌ನನ್ನು ನಾಯಕನಾಗಿಸಿ ಬಂದ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ನಾಲ್ಕೇ ಸಂಚಿಕೆಗಳಿಗೆ ನಿಂತಿತು. ಟ್ರೇಡ್ ಆಗಿ ಉಳಿದುಕೊಂಡಿತು. 2023ರ ಅನಿಮೇಷನ್ ಸಿನಿಮಾದಲ್ಲಿ ಪವಿತ್ರ್ ಕಾಣಿಸಿಕೊಂಡಾಗ ಹಿಂದೆ ಹೋಗಿ ಓದಲು ಏನಾದರೂ ಇತ್ತು.

ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳಿವೆ. ಅಲ್ಲಿ ಒಂದನೇ ಸಂಪುಟ ಸಿಗದೆ ಮೂರನೆಯದು ಸಿಗುವ ಸಂಭವವೇ ಹೆಚ್ಚು. ‘ಇಯರ್ ಒನ್’ನಂಥ ಒಂದೇ ಪುಸ್ತಕದಲ್ಲಿ ಮುಗಿಯುವ ಕಥೆಗಳನ್ನು ಹುಡುಕುವುದು ಲೇಸು. ಹೊಸದು ಕೊಳ್ಳುವವರಿಗೆ ಬೆಲೆಯೇ ಅಡ್ಡಿಯಾಗಿತ್ತು. 2024ರಿಂದ ಡಿಸಿ ಪ್ರಕಾಶನ ಕಾದಂಬರಿ ಗಾತ್ರದ ಅಗ್ಗದ ಕಾಂಪ್ಯಾಕ್ಟ್ ಆವೃತ್ತಿ ತರುತ್ತಿದೆ. ಅಮೆರಿಕದಲ್ಲಿ ಒಂದಕ್ಕೆ 9.99 ಡಾಲರ್. ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ನ ಹನ್ನೆರಡೂ ಅಧ್ಯಾಯಗಳು ಆ ಬೆಲೆಗೆ ಒಂದೇ ಪುಸ್ತಕದಲ್ಲಿವೆ. ಕ್ವೈಟ್ಲಿಯವರ ಬಿಡುಬೀಸಾದ ಚಿತ್ರಗಳು ಕುಗ್ಗಿದರೂ ಮುಕ್ಕಾಗುವುದಿಲ್ಲ, ಧಾರಾಳವಾಗಿ ಕೊಳ್ಳಿ. ‘ವಾಚ್‌ಮೆನ್’ ಪುಟಕ್ಕೆ ಒಂಬತ್ತು ಚೌಕಗಳ ಲೆಕ್ಕದಲ್ಲಿ ಒತ್ತಾಗಿ ಕಟ್ಟಿದ ಕೃತಿ, ಸಣ್ಣ ಗಾತ್ರದಲ್ಲಿ ಅಕ್ಷರಗಳು ಕಣ್ಣಿಗೆ ಶ್ರಮ. ಅದಕ್ಕೆ ಮಾತ್ರ ಇನ್ನಷ್ಟು ದುಡ್ಡು ಕೂಡಿಟ್ಟು ದೊಡ್ಡ ಗಾತ್ರದ್ದನ್ನೇ ತೆಗೆದುಕೊಳ್ಳಿ.